ಲೆಕ್ಕ ನಿಂತಿತೋ, ಪ್ಲೇಟೇ ಬಿತ್ತೋ: ಸ್ಥಿರವಿದ್ಯುತ್–ರಚನಾ ಜೋಡಿ ಸಿಮ್ಯುಲೇಶನ್‌ನ ದೋಷ ನಿವಾರಣೆ

ಮೆಮ್ಸ್ (ಚಿಪ್ಪಿನ ಮೇಲೆ ಕಟ್ಟಿದ ಮೈಕ್ರಾನ್ ಗಾತ್ರದ ಯಂತ್ರ) ಸ್ವಿಚ್ಚೋ ಆಕ್ಸಲರೋಮೀಟರೋ ಮಾಡೆಲ್ ಮಾಡುತ್ತೀರಿ: ಗಾಳಿಯ ತೆಳು ಗ್ಯಾಪಿನಾಚೆ ಇರುವ ಎಲೆಕ್ಟ್ರೋಡಿನ ಕಡೆಗೆ ವೋಲ್ಟೇಜು ಒಂದು ಪ್ಲೇಟನ್ನು ಎಳೆಯುತ್ತದೆ. ಆ ವೋಲ್ಟೇಜನ್ನು ಏರಿಸುತ್ತಾ ಹೋಗುತ್ತೀರಿ. 4 ವೋಲ್ಟ್, 8 ವೋಲ್ಟ್, 12 ವೋಲ್ಟ್ ಸಲೀಸಾಗಿ ದಾಟುತ್ತದೆ. 16ರ ಹತ್ತಿರ ಬಂದಾಗ ಸಾಲ್ವರ್ (ಸಮೀಕರಣ ಬಿಡಿಸುವ ಪ್ರೋಗ್ರಾಂ) ‘ಕನ್ವರ್ಜ್ ಆಗಲಿಲ್ಲ’, ಅಂದರೆ ಉತ್ತರ ಒಂದು ಕಡೆ ನೆಲೆ ನಿಲ್ಲಲಿಲ್ಲ ಎಂದು ಕೆಂಪಕ್ಷರ ತೋರಿಸಿ ನಿಲ್ಲುತ್ತದೆ. ಆಗ ಬೆಂಗಳೂರಿನ ಎಂ.ಟೆಕ್ ಲ್ಯಾಬುಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಇಷ್ಟು: ಮೆಶ್ (ಮಾಡೆಲನ್ನು ಎಲಿಮೆಂಟ್ ಎಂಬ ತುಣುಕುಗಳಾಗಿ ಒಡೆದ ಜಾಲ) ಸಣ್ಣದು ಮಾಡುವುದು, ಟಾಲರೆನ್ಸ್ (ಒಪ್ಪಬಹುದಾದ ತಪ್ಪಿನ ಮಿತಿ) ಸಡಿಲಿಸುವುದು, ರಿಲ್ಯಾಕ್ಸೇಶನ್ (ಪ್ರತಿ ಸುತ್ತಿನ ತಿದ್ದುಪಡಿಯಲ್ಲಿ ಎಷ್ಟು ಪಾಲು ಹಾಕಬೇಕೆಂಬ ಅಂಶ) 0.5 ಹಾಕುವುದು. ಮೂರೂ ಕತ್ತಲಲ್ಲಿ ಕಲ್ಲೆಸೆದಂತೆ. ನಿಂತದ್ದು ಸಾಲ್ವರಿನ ದೋಷಕ್ಕೋ, ಅಥವಾ ಪ್ಲೇಟ್ ನಿಜವಾಗಿಯೂ ಎಲೆಕ್ಟ್ರೋಡಿಗೆ ಬಡಿದು ಅಂಟಿಕೊಳ್ಳುವ ವೋಲ್ಟೇಜ್ ಬಂದದ್ದಕ್ಕೋ ಎಂಬುದನ್ನು ಮೊದಲು ಬೇರ್ಪಡಿಸಬೇಕು. ಅದಾಗುವವರೆಗೆ ಸಾಲ್ವರಿನ ಒಂದು ಸೆಟ್ಟಿಂಗನ್ನೂ ಮುಟ್ಟಬೇಡಿ.

ಪ್ಲೇಟನ್ನು ಎಳೆಯುವ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ, ಗ್ಯಾಪಿನ ವರ್ಗಕ್ಕೆ ವಿಲೋಮವಾಗಿ ಏರುತ್ತದೆ. ಹಿಂದಕ್ಕೆಳೆಯುವ ಸ್ಪ್ರಿಂಗ್ ಮಾತ್ರ ನೇರ ರೇಖೆಯಲ್ಲೇ ಏರುತ್ತದೆ. ಹಾಗಾಗಿ ಸಮಾಂತರ ಪ್ಲೇಟ್ ಗ್ಯಾಪಿನ ಮೂರನೇ ಒಂದು ಪಾಲು ಸರಿದ ಮೇಲೆ ಸ್ಪ್ರಿಂಗ್ ಸೋಲುತ್ತದೆ. ಇದೇ ಪುಲ್-ಇನ್. ನಾಥನ್‌ಸನ್ ಮತ್ತು ಸಂಗಡಿಗರು 1967ರಲ್ಲೇ ರೆಸೊನೆಂಟ್ ಗೇಟ್ ಟ್ರಾನ್ಸಿಸ್ಟರ್ ಕುರಿತು ಬರೆಯುವಾಗ ಇದನ್ನು ಲೆಕ್ಕ ಹಾಕಿ ತೋರಿಸಿದ್ದರು. ಪುಲ್-ಇನ್ ವೋಲ್ಟೇಜಿನ ವರ್ಗ ಬೇಕೆಂದರೆ, ಸ್ಪ್ರಿಂಗ್ ಸ್ಟಿಫ್‌ನೆಸ್ಸನ್ನು ಗ್ಯಾಪಿನ ಘನದಿಂದಲೂ 8ರಿಂದಲೂ ಗುಣಿಸಿ, ಬಂದದ್ದನ್ನು 27, ಪರ್ಮಿಟಿವಿಟಿ (ಗ್ಯಾಪಿನ ಮಾಧ್ಯಮದ ವಿದ್ಯುತ್ ಗುಣಾಂಕ) ಮತ್ತು ವಿಸ್ತೀರ್ಣಗಳ ಗುಣಲಬ್ಧದಿಂದ ಭಾಗಿಸಿ.

ಮೊದಲು ಒಂದು ಅಳತೆಗೋಲು

ನಿಮ್ಮ ನಿಜವಾದ ವಿನ್ಯಾಸವನ್ನು ಪಕ್ಕಕ್ಕಿಡಿ. ಹೀಗೊಂದು ಪರೀಕ್ಷಾ ಮಾಡೆಲ್ ಕಟ್ಟಿ: 100 × 100 ಮೈಕ್ರಾನಿನ ಪ್ಲೇಟ್, ಬಾಗದಷ್ಟು ದಪ್ಪ (10 ಮೈಕ್ರಾನ್ ಪಾಲಿಸಿಲಿಕಾನ್, ಯಂಗ್ಸ್ ಮಾಡ್ಯುಲಸ್ 160 ಗಿಗಾಪ್ಯಾಸ್ಕಲ್), ಕೆಳಗೆ 2 ಮೈಕ್ರಾನ್ ಗಾಳಿ. ಮೇಲ್ಮೈಯ ಎಲ್ಲ ನೋಡ್‌ಗಳನ್ನೂ (ಮೆಶ್ಶಿನ ಗಂಟುಗಳನ್ನು) ಲಂಬ ದಿಕ್ಕಿನಲ್ಲಿ ಒಟ್ಟಿಗೆ ಕಟ್ಟಿ, ಮೀಟರಿಗೆ 10 ನ್ಯೂಟನ್ ಸ್ಟಿಫ್‌ನೆಸ್‌ನ ಒಂದೇ ಸ್ಪ್ರಿಂಗಿಗೆ ಜೋಡಿಸಿ. ಅಡ್ಡ ಚಲನೆಯನ್ನೆಲ್ಲ ಬಿಗಿಯಿರಿ. ಗಾಳಿಯ ಕಂಬ ಪ್ಲೇಟಿನಷ್ಟೇ ಅಗಲವಿರಲಿ, ಪಕ್ಕದಲ್ಲಿ ಗಾಳಿ ಬೇಡ. ಪಕ್ಕದ ಮುಖಗಳಿಗೆ ಏನೂ ಕೊಡದಿದ್ದರೆ ಕ್ಷೇತ್ರರೇಖೆಗಳು ಅವಕ್ಕೆ ಸಮಾಂತರವಾಗಿಯೇ ಉಳಿಯುತ್ತವೆ; ಅಂಚಿನಿಂದ ಹೊರಕ್ಕೆ ಉಬ್ಬುವ ಫ್ರಿಂಜ್ ಕ್ಷೇತ್ರವಿಲ್ಲದೆ ಉತ್ತರ ಸೂತ್ರಕ್ಕೆ ಕೂದಲೆಳೆಯೂ ತಪ್ಪದೆ ಕೂಡಬೇಕು. ಇಲ್ಲಿ ಮೆಶ್ಶನ್ನು ದೂರುವಂತಿಲ್ಲ, ಒಂದೇ ಪದರ ಎಲಿಮೆಂಟ್ ಸಾಕು.

ಸರಿಯಾದ ಉತ್ತರಗಳು ಇವು. ವೋಲ್ಟೇಜ್ ಇಲ್ಲದಾಗ ಕೆಪಾಸಿಟೆನ್ಸ್ 0.0443 ಪಿಕೊಫ್ಯಾರಡ್. 8 ವೋಲ್ಟಿಗೆ ಪ್ಲೇಟ್ 0.0766 ಮೈಕ್ರಾನ್ ಇಳಿಯುತ್ತದೆ, ಕೆಪಾಸಿಟೆನ್ಸ್ 0.0460ಕ್ಕೆ ಏರುತ್ತದೆ. 16 ವೋಲ್ಟಿಗೆ 0.51 ಮೈಕ್ರಾನ್. ಪುಲ್-ಇನ್ 16.36 ವೋಲ್ಟ್. ಮೊದಲ 8 ವೋಲ್ಟಿಗೆ 0.08 ಮೈಕ್ರಾನ್ ಕೂಡ ಸರಿಯದ ಪ್ಲೇಟು ಕೊನೆಯ 0.36 ವೋಲ್ಟಿಗೆ 0.15 ಮೈಕ್ರಾನ್ ಸರಿಯುತ್ತದೆ. ಮುಂದೆ ಬರುವ ತಕರಾರುಗಳಲ್ಲಿ ಅರ್ಧದಷ್ಟಕ್ಕೆ ಮೂಲ ಇದೇ.

8 ವೋಲ್ಟಿನಲ್ಲಿ ಬಂದ ಸಂಖ್ಯೆ ನೋಡಿಯೇ ದೋಷ ಹೇಳಬಹುದು.

0.0708 ಮೈಕ್ರಾನ್ ಬಂತೇ? ಲೆಕ್ಕ ಒಂದೇ ದಿಕ್ಕಿನಲ್ಲಿ ಹರಿದಿದೆ. ಬಲ ಪ್ಲೇಟಿಗೆ ತಲುಪಿದೆ, ಆದರೆ ಪ್ಲೇಟ್ ಸರಿದ ಸುದ್ದಿ ವಿದ್ಯುತ್ ಕ್ಷೇತ್ರಕ್ಕೆ ಮುಟ್ಟಿಲ್ಲ. ಎಲ್ಮರ್ (ಉಚಿತ ಸಿಮ್ಯುಲೇಶನ್ ಸಾಫ್ಟ್‌ವೇರ್) ಬಳಸುವವರಿಗೆ ಇದು ಪದೇ ಪದೇ ಆಗುತ್ತದೆ: ಎಲ್ಮರ್ ಜಿಯುಐನಲ್ಲಿ ಸ್ಟೆಡಿ ಸ್ಟೇಟ್ ಮ್ಯಾಕ್ಸ್ ಇಟರೇಶನ್ಸ್ ತಾನಾಗಿಯೇ 1 ಇರುತ್ತದೆ, ಅದನ್ನು 50ಕ್ಕೆ ಏರಿಸಿ. ಜೊತೆಗೆ ಗಾಳಿಯ ಭಾಗಕ್ಕೆ ಮೆಶ್ ಅಪ್‌ಡೇಟ್ ಸಾಲ್ವರ್ ಹಚ್ಚಿದ್ದೀರಾ ನೋಡಿ. ಕಾಮ್ಸಾಲ್ ಎಂಬ ಸಾಫ್ಟ್‌ವೇರಿನಲ್ಲಾದರೆ ಗಾಳಿಯ ಡೊಮೈನನ್ನು ಮೂವಿಂಗ್ ಮೆಶ್ ಪಟ್ಟಿಗೆ ಸೇರಿಸಲು ಮರೆತಿರುತ್ತೀರಿ.

0.0180 ಬಂತೇ? ಸಿಮಿಟ್ರಿ ಬಳಸಿ ಕಾಲು ಭಾಗದ ಮಾಡೆಲ್ ಮಾಡಿದ್ದೀರಿ, ಸ್ಪ್ರಿಂಗ್ ಮಾತ್ರ ಪೂರ್ತಿ ಹಾಕಿದ್ದೀರಿ. 0.169 ಬಂದರೆ ಬಲ ಎರಡು ಸಲ ಬಿದ್ದಿದೆ: ಎಲಿಮೆಂಟ್ ತಾನೇ ಕೊಡುವ ಬಲದ ಮೇಲೆ ನೀವು ಕೈಯಾರೆ ಒತ್ತಡವನ್ನೂ ಹೇರಿದ್ದೀರಿ, ಇಲ್ಲವೇ ಸೂತ್ರದ ಅರ್ಧವನ್ನು ಬಿಟ್ಟಿದ್ದೀರಿ. ಪ್ಲೇಟ್ ಮೇಲಕ್ಕೆ ಹಾರಿದರೆ ಬಲದ ಚಿಹ್ನೆ ತಿರುಗಿದೆ. ಎರಡು ಎಲೆಕ್ಟ್ರೋಡುಗಳ ನಡುವೆ ವೋಲ್ಟೇಜ್ ಕೊಟ್ಟಾಗ ಸೆಳೆತವೇ ಹೊರತು ತಳ್ಳುವಿಕೆ ಇರುವುದಿಲ್ಲ, ಪ್ಲಸ್ 8 ಕೊಟ್ಟರೂ ಮೈನಸ್ 8 ಕೊಟ್ಟರೂ ಅಷ್ಟೇ. ಎರಡಕ್ಕೂ ಬೇರೆ ಬೇರೆ ಉತ್ತರ ಬಂದರೆ ಎಲ್ಲೋ ಪೀಜೋ ಮೆಟೀರಿಯಲ್ (ವೋಲ್ಟೇಜಿಗೆ ತಾನೇ ಹಿಗ್ಗಿ ಕುಗ್ಗುವ ವಸ್ತು) ಅಥವಾ ಸರ್ಫೇಸ್ ಚಾರ್ಜ್ ನುಸುಳಿದೆ.

ಉತ್ತರ 10 ಲಕ್ಷ ಪಟ್ಟು ಚಿಕ್ಕದಾಗಿ ಬಂದರೆ ತಪ್ಪು ಯೂನಿಟ್ಟಿನದು. ಇದೊಂದಕ್ಕೆ ಸ್ವಲ್ಪ ನಿಲ್ಲಬೇಕು.

ಯೂನಿಟ್ ಗಲಿಬಿಲಿ

ಮೀಟರಿನಲ್ಲಿ ಮಾಡೆಲ್ ಕಟ್ಟಿದರೆ 2 ಮೈಕ್ರಾನ್ ಎಂಬುದು 0.000002. ಸಾಫ್ಟ್‌ವೇರಿನ ಜ್ಯಾಮಿತಿ ಟಾಲರೆನ್ಸ್ ಇದಕ್ಕಿಂತ ದಪ್ಪ ಇರಬಹುದು. ಆನ್ಸಿಸ್ ಸಾಫ್ಟ್‌ವೇರಿನ ಕಮಾಂಡ್ ಭಾಷೆಯಾದ ಎಪಿಡಿಎಲ್‌ನಲ್ಲಿ ನೋಡ್ ಕೂಡಿಸುವ ಎನ್‌ಯುಎಂಎಂಆರ್‌ಜಿ ಕಮಾಂಡಿನ ಡೀಫಾಲ್ಟ್ ಟಾಲರೆನ್ಸ್ 0.0001. ಮೀಟರಿನಲ್ಲಿ ಅದು 100 ಮೈಕ್ರಾನ್! ಕಮಾಂಡ್ ಕೊಟ್ಟ ಕ್ಷಣ ಮೇಲಿನ ಪ್ಲೇಟ್, ಗಾಳಿ, ಕೆಳಗಿನ ಎಲೆಕ್ಟ್ರೋಡ್ ಎಲ್ಲ ಒಂದಕ್ಕೊಂದು ಮೆತ್ತಿಕೊಂಡು ಮುದ್ದೆಯಾಗುತ್ತವೆ.

ಹಾಗಾಗಿ ಈ ಕೆಲಸದವರು ಮೈಕ್ರಾನ್ ಪದ್ಧತಿ ಹಿಡಿಯುತ್ತಾರೆ: ಉದ್ದ ಮೈಕ್ರಾನ್, ಬಲ ಮೈಕ್ರೋನ್ಯೂಟನ್, ಒತ್ತಡ ಮೆಗಾಪ್ಯಾಸ್ಕಲ್, ದ್ರವ್ಯರಾಶಿ ಕಿಲೊಗ್ರಾಂ, ಕಾಲ ಸೆಕೆಂಡ್, ಚಾರ್ಜ್ ಪಿಕೊಕೂಲಂಬ್, ಕೆಪಾಸಿಟೆನ್ಸ್ ಪಿಕೊಫ್ಯಾರಡ್. ವೋಲ್ಟ್ ವೋಲ್ಟಾಗಿಯೇ ಉಳಿಯುತ್ತದೆ. ಈ ಲೆಕ್ಕದಲ್ಲಿ 160 ಗಿಗಾಪ್ಯಾಸ್ಕಲ್ ಎಂದರೆ 1.6 × 10⁵, ಸಿಲಿಕಾನಿನ ಸಾಂದ್ರತೆ 2.33 × 10⁻¹⁵, ಮೀಟರಿಗೆ 10 ನ್ಯೂಟನ್ ಎಂಬುದು 10 ಆಗಿಯೇ ಇರುತ್ತದೆ. ನಿರ್ವಾತದ ಪರ್ಮಿಟಿವಿಟಿ ಮಾತ್ರ 8.854 × 10⁻¹² ಅಲ್ಲ, 8.854 × 10⁻⁶. ಅದನ್ನು ಸಾಫ್ಟ್‌ವೇರಿಗೆ ನೀವೇ ಹೇಳಬೇಕು. ಎಪಿಡಿಎಲ್‌ನಲ್ಲಿ ಇಎಂಯುನಿಟ್ ಕಮಾಂಡ್, ಎಲ್ಮರ್‌ನಲ್ಲಿ ಕಾನ್‌ಸ್ಟಂಟ್ಸ್ ಭಾಗದ ಪರ್ಮಿಟಿವಿಟಿ ಸಾಲು. ಮರೆತರೆ ಬಲ 10 ಲಕ್ಷದಲ್ಲಿ ಒಂದು ಪಾಲಿಗೆ ಇಳಿಯುತ್ತದೆ, ಪ್ಲೇಟ್ ಅಲ್ಲಾಡುವುದೇ ಇಲ್ಲ, ಲೆಕ್ಕ ಮಾತ್ರ ಅಚ್ಚುಕಟ್ಟಾಗಿ ಕನ್ವರ್ಜ್ ಆಗುತ್ತದೆ. ಎರರ್ ಬಾರದ ಈ ತಪ್ಪಿಗಿಂತ ಕೆಂಪಕ್ಷರದ ಎರರೇ ವಾಸಿ.

ಉತ್ತರ ಸರಿಯಾಗಿ ಸೊನ್ನೆಯೇ ಬಂದರೆ ಯೂನಿಟ್ ಬಿಟ್ಟು ಸಂಪರ್ಕ ನೋಡಿ. ಗಾಳಿ ಮತ್ತು ಪ್ಲೇಟ್ ಸೇರುವ ಮುಖದಲ್ಲಿ ಎರಡಕ್ಕೂ ಒಂದೇ ನೋಡ್‌ಗಳಿರಬೇಕು. ಆನ್ಸಿಸ್ ವರ್ಕ್‌ಬೆಂಚಿನಲ್ಲಿ ಶೇರ್ ಟೊಪಾಲಜಿ ಆನ್ ಮಾಡಿರಬೇಕು, ಮೆಶ್ ಕಟ್ಟುವ ಜಿಮೆಶ್‌ನಲ್ಲಿ ಎರಡು ಘನಗಳನ್ನು ಫ್ರಾಗ್ಮೆಂಟ್ ಮಾಡಿರಬೇಕು. ಪರೀಕ್ಷೆ ಸುಲಭ: ಆ ಮುಖದ ನೋಡ್‌ಗಳನ್ನು ಎಣಿಸಿ. ಇರಬೇಕಾದ ಎಣಿಕೆಯ ಎರಡರಷ್ಟಿದ್ದರೆ ಎರಡು ಮೆಶ್ ಬರೀ ತಾಗಿಕೊಂಡಿವೆ, ಹೊಲಿಗೆ ಬಿದ್ದಿಲ್ಲ.

16 ವೋಲ್ಟಿನ ಹತ್ತಿರ ನಿಂತರೆ

ಈಗ ಮುಖ್ಯ ದೂರಿಗೆ ಬರೋಣ. ಸರದಿಯ ಪದ್ಧತಿಯಲ್ಲಿ ಮೊದಲು ಕ್ಷೇತ್ರ, ಆಮೇಲೆ ರಚನೆ, ಮತ್ತೆ ಕ್ಷೇತ್ರ ಎಂದು ಸುತ್ತು ಹೊಡೆಯುತ್ತಾರೆ. ಒಂದೊಂದು ಸುತ್ತಿಗೂ ತಪ್ಪಿನ ಎಷ್ಟು ಪಾಲು ಉಳಿಯುತ್ತದೆ ಎಂಬುದು ಕೈಲೆಕ್ಕಕ್ಕೇ ಸಿಗುತ್ತದೆ: ಸರಿದ ದೂರದ ಎರಡರಷ್ಟನ್ನು ಉಳಿದಿರುವ ಗ್ಯಾಪಿನಿಂದ ಭಾಗಿಸಿ. ಇದನ್ನು ಉಳಿಕೆ ಎನ್ನೋಣ. 8 ವೋಲ್ಟಿಗೆ ಉಳಿಕೆ 0.08, ತಪ್ಪನ್ನು 10 ಸಾವಿರದಲ್ಲಿ ಒಂದಕ್ಕೆ ಇಳಿಸಲು ನಾಲ್ಕು ಸುತ್ತು ಸಾಕು. 16 ವೋಲ್ಟಿಗೆ ಉಳಿಕೆ 0.69, ಅದಕ್ಕೆ ಸುಮಾರು 25 ಸುತ್ತು. 16.3 ವೋಲ್ಟಿಗೆ 0.86, ಆಗ 60 ಸುತ್ತು. ಪ್ಲೇಟ್ ಗ್ಯಾಪಿನ ಮೂರನೇ ಒಂದನ್ನು ತಲುಪಿದಾಗ ಉಳಿಕೆ ಸರಿಯಾಗಿ 1, ಅಂದರೆ ಎಷ್ಟು ಸುತ್ತಿದರೂ ಮುಗಿಯದು.

ಸುತ್ತಿನ ಮಿತಿ 20 ಇಟ್ಟಿದ್ದವರಿಗೆ ಈ ಮಾಡೆಲ್ 16 ವೋಲ್ಟಿಗೇ ನಿಲ್ಲುತ್ತದೆ. ಅವರು ವರದಿಯಲ್ಲಿ ‘ಪುಲ್-ಇನ್ 16 ವೋಲ್ಟ್’ ಎಂದು ಬರೆಯುತ್ತಾರೆ. ಅದು ಪುಲ್-ಇನ್ ಅಲ್ಲ, ಮಿತಿ ಮುಗಿದದ್ದು.

ಎರಡನ್ನೂ ಬೇರ್ಪಡಿಸಲು ಲಾಗ್ ಫೈಲ್ ತೆರೆಯಿರಿ. ಸತತ ಮೂರು ಸುತ್ತುಗಳಲ್ಲಿ ಪ್ಲೇಟ್ ಸರಿದ ದೂರವನ್ನು ಬರೆದುಕೊಳ್ಳಿ. ಎರಡನೆಯ ಜಿಗಿತವನ್ನು ಮೊದಲ ಜಿಗಿತದಿಂದ ಭಾಗಿಸಿದರೆ ಸಿಗುವುದೇ ಉಳಿಕೆ. ಪ್ಲೇಟಿಗಷ್ಟೇ ಅಲ್ಲ, ಬೀಮ್, ಡಯಾಫ್ರಮ್ ಯಾವುದಕ್ಕಾದರೂ ಈ ಅಳತೆ ನಡೆಯುತ್ತದೆ. 14, 15, 15.5, 16 ವೋಲ್ಟುಗಳಲ್ಲಿ ಉಳಿಕೆ ನಯವಾಗಿ 1ರ ಕಡೆಗೆ ಏರುತ್ತಿದ್ದರೆ ಎದುರಿಗಿರುವುದು ನಿಜವಾದ ಪುಲ್-ಇನ್. 0.3, 0.35 ಎಂದು ಹೋಗುತ್ತಿದ್ದದ್ದು ಇದ್ದಕ್ಕಿದ್ದಂತೆ ಕಡಿದುಬಿದ್ದರೆ ಮೆಶ್ ಮಡಚಿದೆ ಅಥವಾ ಬೇರೇನೋ ಆಗಿದೆ. ಇನ್ನೊಂದು ಸಾಕ್ಷಿ, ಕೊನೆಯ ಸ್ಥಿರ ಹಂತದಲ್ಲಿ ಸರಿದ ದೂರಕ್ಕೂ ಗ್ಯಾಪಿಗೂ ಇರುವ ಅನುಪಾತ. ಸಮಾಂತರ ಪ್ಲೇಟಿಗೆ 0.33, ಎರಡೂ ತುದಿ ಬಿಗಿದ ಬೀಮಿನ ನಡುವಿಗೆ 0.4ರ ಆಸುಪಾಸು, ಕ್ಯಾಂಟಿಲಿವರಿನ (ಒಂದೇ ತುದಿ ಬಿಗಿದ ಬೀಮಿನ) ತುದಿಗೆ 0.45ರ ಆಸುಪಾಸು. 0.15ಕ್ಕೇ ನಿಂತ ಲೆಕ್ಕವನ್ನು ಪುಲ್-ಇನ್ ಎಂದು ಒಪ್ಪಬೇಡಿ.

ಇನ್ನು ರಿಲ್ಯಾಕ್ಸೇಶನ್. 0.5 ಹಾಕಿದರೆ ಲೆಕ್ಕ ನಿಧಾನವಾದರೂ ಗಟ್ಟಿಯಾಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಇಲ್ಲಿ ಅದು ತಪ್ಪು. ಈ ಸುತ್ತುಗಳಲ್ಲಿ ಉತ್ತರ ಅತ್ತಿತ್ತ ತೂಗಾಡುವುದಿಲ್ಲ. ಒಂದೇ ಕಡೆಯಿಂದ, ಮೆಟ್ಟಿಲಿಳಿದಂತೆ, ಸರಿಯಾದ ಜಾಗದ ಕಡೆ ಹೋಗುತ್ತದೆ. ಅದರ ಕಾಲಿಗೆ ಹಗ್ಗ ಕಟ್ಟಿದರೆ 16 ವೋಲ್ಟಿನ 25 ಸುತ್ತು 54 ಆಗುತ್ತದೆ. ಬದಲಿಗೆ 1.5 ಹಾಕಿದರೆ 15 ಸುತ್ತಿಗೆ ಮುಗಿಯುತ್ತದೆ. ಆದರೆ ಪುಲ್-ಇನ್‌ಗೆ ತೀರಾ ಹತ್ತಿರವಿದ್ದಾಗ ಹೆಜ್ಜೆ ಹಾರಿ ಆಚೆ ಬಿದ್ದೀತು, ಅಲ್ಲಿ 1.2ಕ್ಕೆ ಇಳಿಸಿ, ರಿಲ್ಯಾಕ್ಸೇಶನ್ನನ್ನು ಸುತ್ತುಸುತ್ತಿಗೂ ತಾನೇ ಹೊಂದಿಸಿಕೊಳ್ಳುವ ಏಟ್ಕಿನ್ ವಿಧಾನದ ಆಯ್ಕೆ ಇದ್ದರೆ ಅದನ್ನೇ ಹಿಡಿಯಿರಿ. ಲಾಗಿನಲ್ಲಿ ಸಂಖ್ಯೆ ಮೇಲೆ-ಕೆಳಗೆ ತೂಗಾಡುತ್ತಿದ್ದರೆ ಮಾತ್ರ 1ಕ್ಕಿಂತ ಕಡಿಮೆಯ ರಿಲ್ಯಾಕ್ಸೇಶನ್ನಿಗೆ ಅರ್ಥವಿದೆ.

ಸರದಿಯ ಪದ್ಧತಿ ಬಿಟ್ಟು ಎರಡೂ ಲೆಕ್ಕವನ್ನು ಒಂದೇ ಮ್ಯಾಟ್ರಿಕ್ಸಿನಲ್ಲಿ ಬಿಡಿಸುವ ನೇರ ಜೋಡಣೆಯಲ್ಲಿ (ಆನ್ಸಿಸ್‌ನ ಸಾಲಿಡ್ 226, ಕಾಮ್ಸಾಲ್‌ನ ಎಲೆಕ್ಟ್ರೋಮೆಕ್ಯಾನಿಕ್ಸ್) ಈ ಆಮೆನಡಿಗೆ ಇರುವುದಿಲ್ಲ. ಅಲ್ಲೂ ಪ್ರತಿ ವೋಲ್ಟೇಜನ್ನು ಸೊನ್ನೆಯಿಂದ ಶುರು ಮಾಡದೆ ಹಿಂದಿನ ಹಂತದ ಉತ್ತರದಿಂದ ಮುಂದುವರಿಸಿ. ಕೊನೆಯ ಅರ್ಧ ವೋಲ್ಟಿಗೆ 0.05ರ ಹೆಜ್ಜೆ ಸಾಕು.

ಪುಲ್-ಇನ್ ಬಿಂದುವನ್ನು ದಾಟಿ ನೋಡಬೇಕೆಂದರೆ ವೋಲ್ಟೇಜ್ ಏರಿಸುವ ದಾರಿಯೇ ಮುಚ್ಚಿದೆ. ತಿರುವಿ ಕೇಳಿ: ಪ್ಲೇಟ್ ಇಷ್ಟು ಸರಿದಿದೆ, ಅದಕ್ಕೆ ಎಷ್ಟು ವೋಲ್ಟ್ ಬೇಕು? ಸರಿದ ದೂರವನ್ನು ನೀವು ಕೊಡಿ, ವೋಲ್ಟೇಜನ್ನು ಅಜ್ಞಾತವಾಗಿಡಿ. ಕಾಮ್ಸಾಲ್‌ನಲ್ಲಿ ಒಂದು ಗ್ಲೋಬಲ್ ಈಕ್ವೇಶನ್ ಸಾಕು. 0.1, 0.2, 0.3 ಮೈಕ್ರಾನ್ ಎಂದು ಹೋದರೆ ವೋಲ್ಟೇಜ್ ಏರಿ, 0.667ರಲ್ಲಿ ತುದಿ ಮುಟ್ಟಿ, ಇಳಿಯತೊಡಗುತ್ತದೆ. ಆ ತುದಿಯೇ ಪುಲ್-ಇನ್. ಕನ್ವರ್ಜೆನ್ಸ್ ಜಗಳವೇ ಇಲ್ಲ.

ಗಾಳಿಯ ಮೆಶ್

ಬಾಗುವ ಬೀಮಿನ ಕೆಳಗೆ ಗಾಳಿಯ ಮೆಶ್ ಹಿಸುಕಿಹೋಗುತ್ತದೆ, ಬೀಮಿನ ಅಂಚಿನಾಚೆ ಇದ್ದಲ್ಲೇ ಇರುತ್ತದೆ. ಈ ಎರಡರ ಮಧ್ಯದ ಎಲಿಮೆಂಟುಗಳು ಓರೆಯಾಗಿ ಎಳೆದುಕೊಂಡು ಕೊನೆಗೆ ಮಡಚುತ್ತವೆ, ಎಲಿಮೆಂಟ್ ಒಳಹೊರಗಾಗಿದೆ ಎಂದು ಸೂಚಿಸುವ ನೆಗೆಟಿವ್ ಜಾಕೋಬಿಯನ್ ಎರರ್ ಬರುತ್ತದೆ. ಆ ಮೂಲೆಯಲ್ಲಿ ಎಲಿಮೆಂಟನ್ನು ಇನ್ನಷ್ಟು ಸಣ್ಣದು ಮಾಡುವುದು ಉಲ್ಟಾ ಹೊಡೆಯುತ್ತದೆ: ಎಲಿಮೆಂಟ್ ಚಿಕ್ಕದಾದಷ್ಟೂ ಅಷ್ಟೇ ದೂರ ಸರಿದರೂ ಬೇಗ ಮಡಚುತ್ತದೆ. ಗ್ಯಾಪಿನಲ್ಲಿ ಮೂರರಿಂದ ಐದು ಪದರ ಇಟ್ಟಿಗೆಯಾಕಾರದ ಎಲಿಮೆಂಟ್ ಹಾಕಿ, ಅಂಚಿನಾಚೆ ಹಿಗ್ಗಲು ಎರಡು ಮೂರು ಗ್ಯಾಪಿನಷ್ಟು ಅಗಲ ಬಿಡಿ.

ಗಾಳಿಗೆ ಹುಸಿ ಯಂಗ್ಸ್ ಮಾಡ್ಯುಲಸ್ ಕೊಡುವ ಪದ್ಧತಿಯಲ್ಲಿ ಇನ್ನೊಂದು ಬಲೆ ಇದೆ. ಬೆಲೆ ಜಾಸ್ತಿಯಾದರೆ ಗಾಳಿಯೇ ಸ್ಪ್ರಿಂಗಾಗಿ ಬೀಮನ್ನು ಎತ್ತಿಹಿಡಿಯುತ್ತದೆ, ಪುಲ್-ಇನ್ ಏರಿಬಿಡುತ್ತದೆ. ಪರೀಕ್ಷೆ ಒಂದೇ: ಗಾಳಿಯ ಮಾಡ್ಯುಲಸ್ ಹತ್ತನೇ ಒಂದಕ್ಕೆ ಇಳಿಸಿ ಮತ್ತೆ ಓಡಿಸಿ. ಬೀಮ್ ಸರಿದ ದೂರ ಮೂರನೇ ಅಂಕಿಯಲ್ಲೂ ಬದಲಾಗಬಾರದು. ಬದಲಾದರೆ ಇನ್ನೂ ಇಳಿಸಿ.

ಹೊರಗಿನ ಗಾಳಿಯ ಗಡಿ ಎಲೆಕ್ಟ್ರೋಡಿಗೆ ತೀರಾ ಹತ್ತಿರವಿದ್ದರೆ ಫ್ರಿಂಜ್ ಕ್ಷೇತ್ರ ಇಕ್ಕಟ್ಟಿಗೆ ಸಿಕ್ಕುತ್ತದೆ. ಐದರಿಂದ ಹತ್ತು ಗ್ಯಾಪಿನಷ್ಟು ದೂರ ಇಡಿ. ಎಲ್ಲಿಗೂ ವೋಲ್ಟೇಜ್ ಕಟ್ಟದ ತೇಲುವ ಕಂಡಕ್ಟರ್ ಇದ್ದರೆ ಅದರ ಎಲ್ಲ ನೋಡ್‌ಗಳನ್ನೂ ಒಂದೇ ವೋಲ್ಟೇಜಿಗೆ ಕಪಲ್ ಮಾಡಿ, ಒಟ್ಟು ಚಾರ್ಜ್ ಸೊನ್ನೆ ಎಂದು ಕೊಡಿ.

ಫ್ರೀಕ್ವೆನ್ಸಿ ಬದಲಾಗುತ್ತಿಲ್ಲ ಎಂಬ ದೂರು

ಡಿಸಿ ಬಯಾಸ್ (ಬದಲಾಗದ ವೋಲ್ಟೇಜ್) ಕೊಟ್ಟ ಮೇಲೆ ಮೋಡಲ್ (ಸಹಜ ಕಂಪನದ ಫ್ರೀಕ್ವೆನ್ಸಿ ಹುಡುಕುವ ಲೆಕ್ಕ) ಓಡಿಸಿದರೆ ಫ್ರೀಕ್ವೆನ್ಸಿ ಇಳಿಯಬೇಕು, ಏಕೆಂದರೆ ವಿದ್ಯುತ್ ಸೆಳೆತ ಸ್ಪ್ರಿಂಗನ್ನು ಮೆತ್ತಗೆ ಮಾಡುತ್ತದೆ. ಎಷ್ಟು ಎಂಬುದಕ್ಕೆ ಅದೇ ಉಳಿಕೆ ಸಾಕು: ಒಂದರಿಂದ ಉಳಿಕೆ ಕಳೆದು ವರ್ಗಮೂಲ ತೆಗೆಯಿರಿ. ಪರೀಕ್ಷಾ ಮಾಡೆಲಿನಲ್ಲಿ 8 ವೋಲ್ಟಿಗೆ ಶೇ. 4ರಷ್ಟು ಇಳಿಯಬೇಕು. ಇಳಿಯದಿದ್ದರೆ ನಿಮ್ಮ ಮೋಡಲ್ ಹಂತ ಸ್ಥಿರ ಹಂತದ ಫಲಿತಾಂಶವನ್ನು ಓದುತ್ತಿಲ್ಲ. ಪ್ರೀಸ್ಟ್ರೆಸ್ಡ್ ಮೋಡಲ್ ಆಯ್ಕೆ ನೋಡಿ. ಏಸಿ ಮಾತ್ರ ಕೊಟ್ಟಿದ್ದರೆ ರಚನೆ ಎರಡರಷ್ಟು ಫ್ರೀಕ್ವೆನ್ಸಿಯಲ್ಲಿ ಅಲುಗುತ್ತದೆ. ಬಲ ವೋಲ್ಟೇಜಿನ ವರ್ಗದ ಮೇಲೆ ನಿಂತದ್ದರಿಂದ ಅದು ಸರಿಯೇ, ದೋಷವಲ್ಲ.

ಅಳತೆಗೆ ಕೂಡದಿದ್ದರೆ

ಐಐಎಸ್‌ಸಿಯ ನ್ಯಾನೊ ವಿಜ್ಞಾನ ಕೇಂದ್ರವಾದ ಸೆನ್ಸ್‌ನಂಥ ಕಡೆ ಫ್ಯಾಬ್ (ತಯಾರಿ) ಆಗಿ ಬಂದ ಡಿವೈಸ್ 19 ವೋಲ್ಟಿಗೆ ಬಿತ್ತು, ಲೆಕ್ಕ 16.4 ಹೇಳಿತ್ತು ಎಂದಿಟ್ಟುಕೊಳ್ಳಿ. ಮೊದಲು ದಪ್ಪ ಮತ್ತು ಗ್ಯಾಪನ್ನು ಅನುಮಾನಿಸಿ. ಬೀಮಿನ ದಪ್ಪ ಶೇ. 5 ಜಾಸ್ತಿಯಾದರೆ ಸ್ಟಿಫ್‌ನೆಸ್ ಘನದಂತೆ ಏರಿ ಪುಲ್-ಇನ್ ಶೇ. 7.6 ಏರುತ್ತದೆ. ಗ್ಯಾಪ್ ಶೇ. 5 ಜಾಸ್ತಿಯಾದರೂ ಅಷ್ಟೇ ಏರಿಕೆ. ಎರಡೂ ಸೇರಿದರೆ 16.4 ಎಂಬುದು 19 ಆಗಿಯೇಬಿಟ್ಟಿತು. ಮಾಸ್ಕಿನ ಡ್ರಾಯಿಂಗಿನ ಅಳತೆ ಹಾಕಬೇಡಿ, ಸೆಮ್ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ಚಿತ್ರದಲ್ಲಿ ಅಳೆದದ್ದನ್ನು ಹಾಕಿ. ಎರಡೂ ತುದಿ ಬಿಗಿದ ಬೀಮಾದರೆ ಫಿಲ್ಮಿನಲ್ಲಿ ಉಳಿದ ಎಳೆತದ ಸ್ಟ್ರೆಸ್ಸನ್ನು ಮೊದಲ ಹಂತದಲ್ಲೇ ಸೇರಿಸಿ, ಲಾರ್ಜ್ ಡಿಫ್ಲೆಕ್ಷನ್ ಆನ್ ಮಾಡಿ. ಬಾಗು ಬೀಮಿನ ದಪ್ಪದ ಅರ್ಧಕ್ಕೆ ಬಂದರೆ ಹಿಗ್ಗುವಿಕೆಯ ಬಲವನ್ನು ಬಿಡುವಂತಿಲ್ಲ.

ನಿರ್ವಾತ ಮುಚ್ಚಿದ ಡಯಾಫ್ರಮ್ ಮಾಡುವವರಿಗೆ ಊರಿನದೇ ಒಂದು ತಕರಾರಿದೆ. ಸಾಫ್ಟ್‌ವೇರಿನಲ್ಲಿ ಒಂದು ಅಟ್ಮಾಸ್ಫಿಯರ್ ಎಂದು 101.3 ಕಿಲೊಪ್ಯಾಸ್ಕಲ್ ಹಾಕಿರುತ್ತೀರಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಇಲ್ಲಿಯ ವಾಯು ಒತ್ತಡ 91ರ ಆಸುಪಾಸು. ವೋಲ್ಟೇಜ್ ಕೊಡುವ ಮೊದಲೇ ಡಯಾಫ್ರಮ್ ಲೆಕ್ಕಕ್ಕಿಂತ ಶೇ. 10ರಷ್ಟು ಕಡಿಮೆ ತಗ್ಗಿರುತ್ತದೆ, ಗ್ಯಾಪ್ ಆ ಮಟ್ಟಿಗೆ ದೊಡ್ಡದು, ಪುಲ್-ಇನ್ ಆ ಮಟ್ಟಿಗೆ ಮೇಲೆ. ಚೆನ್ನೈಯಲ್ಲಿ ಅಳೆದರೆ ಕೂಡಿದ್ದು ಇಲ್ಲಿ ಕೂಡದೆ ಹೋಗುತ್ತದೆ. ಅಳತೆಯ ದಿನದ ಬ್ಯಾರೋಮೀಟರ್ ಓದನ್ನೇ ಮಾಡೆಲಿಗೆ ಹಾಕಿ. ವಾತಾವರಣ ವರದಿಯಲ್ಲಿ ಬರುವುದು ಸಮುದ್ರಮಟ್ಟಕ್ಕೆ ಹೊಂದಿಸಿದ ಸಂಖ್ಯೆ, ಅದು ಬೇಡ.

ಕೊನೆಗೆ ಎರಡೂ ಪೊಲಾರಿಟಿಯಲ್ಲಿ ಅಳೆಯಿರಿ. ಪ್ಲಸ್ ಕಡೆ 17.0, ಮೈನಸ್ ಕಡೆ 15.8 ವೋಲ್ಟಿಗೆ ಬಿದ್ದರೆ, ಇನ್ಸುಲೇಟಿಂಗ್ ಪದರದಲ್ಲಿ ಚಾರ್ಜ್ ಸಿಕ್ಕಿಕೊಂಡು ಇಡೀ ವಕ್ರರೇಖೆಯನ್ನು 0.6 ವೋಲ್ಟ್ ಪಕ್ಕಕ್ಕೆ ತಳ್ಳಿದೆ. ನಿಮ್ಮ ಮಾಡೆಲಿನೊಂದಿಗೆ ಹೋಲಿಸಬೇಕಾದ್ದು ಎರಡರ ಸರಾಸರಿ, 16.4. ಪ್ಲಸ್ ಕಡೆಯ 17.0ಕ್ಕೆ ಕೂಡಿಸಲೆಂದು ಗ್ಯಾಪನ್ನು ಶೇ. 2.5 ಹಿಗ್ಗಿಸಿದರೆ ಮೈನಸ್ ಕಡೆಯ ಅಳತೆಯಿಂದ ಲೆಕ್ಕ ಇನ್ನಷ್ಟು ದೂರ ಹೋಗುತ್ತದೆ.